ಬರುವಾಗ ಏರು

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಇಳಿಜಾರು ಎಂಬುದು ಐವತ್ನಾಲ್ಕು ವರ್ಷ ನನಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿ ಕುಳಿತವನಿಗೆ ಅದು ತಿಳಿಯುವುದೂ ಇಲ್ಲ. ಕಳೆದ ಜನವರಿಯ ಒಂದು ಭಾನುವಾರ ನನ್ನ ಕಾಲುಗಳೇ ಅದನ್ನು ಕಲಿಸಿದವು.

ರಕ್ತದಲ್ಲಿ ಸಕ್ಕರೆ ಏರಿದೆ, ಸ್ವಲ್ಪ ಮೈ ದಂಡಿಸಿ ಎಂದು ವೈದ್ಯರು ಗದರಿದ್ದರು. ನನ್ನ ತೂಕ 78 ಕಿಲೊ. ಮಹಡಿಯ ಮೇಲಿನ ತರಗತಿಗೆ ಹತ್ತಿದರೆ, ಬೋರ್ಡು ಒರೆಸುವ ನೆಪದಲ್ಲಿ ದಮ್ಮು ಸುಧಾರಿಸಿಕೊಳ್ಳುವ ಆಸಾಮಿ. 'ಗೇರ್ ಸೈಕಲ್ ಕೊಳ್ಳೋಣಪ್ಪ' ಎಂದ ಮಗ. ಹಿತ್ತಿಲಲ್ಲಿ ನಮ್ಮ ತಂದೆಯವರ ಕರಿ ಸೈಕಲ್ ಇರುವಾಗ ಅದೇಕೆ? ಟೈರು, ಟ್ಯೂಬು, ಬ್ರೇಕ್ ರಬ್ಬರು ಹೊಸದು ಹಾಕಿಸಿ ಬೆಳಿಗ್ಗೆ ಆರಕ್ಕೆ ಬನ್ನಿಮಂಟಪದಿಂದ ಹೊರಟೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಹಾದಿಗೆ 2023ರ ಆಗಸ್ಟ್ 1ರಿಂದ ಸೈಕಲ್ ಬಿಡುವುದಿಲ್ಲ. ಸರ್ವೀಸ್ ರಸ್ತೆಯೇ ಗತಿ. ಸಿದ್ದಲಿಂಗಪುರ, ಕಳಸ್ತವಾಡಿ, ನಗುವನಹಳ್ಳಿ ಒಂದೊಂದಾಗಿ ಹಿಂದೆ ಸರಿದವು. ಗದ್ದೆಗಳ ಮೇಲೆ ಮಂಜು. ಪೆಡಲ್ ತುಳಿಯುವುದು ಮರೆತರೂ ಚಕ್ರ ಓಡುತ್ತಿತ್ತು. ಐವತ್ತು ನಿಮಿಷಕ್ಕೆ ಕಾವೇರಿ! 1804ರ ವೆಲ್ಲೆಸ್ಲಿ ಸೇತುವೆಯ ಬಳಿ ನಿಂತು, ಆ ಕಲ್ಲುಕಂಬಗಳ ನಡುವೆ ನೀರು ಸೀಳಿ ಹೋಗುವುದನ್ನು ನೋಡಿದೆ. ನಾಲ್ಕು ಇಡ್ಲಿ ತಿಂದೆ. ನನಗಿನ್ನೂ ವಯಸ್ಸಾಗಿಲ್ಲ ಎಂದುಕೊಂಡೆ.

ಹಿಂತಿರುಗುವಾಗ ನಗುವನಹಳ್ಳಿ ದಾಟುವುದರೊಳಗೆ ಎದೆ ತಿದಿಯಾಯಿತು. ತೊಡೆ ನಡುಗತೊಡಗಿತು. ಇಳಿದು ಸೈಕಲ್ ತಳ್ಳುತ್ತಿದ್ದೆ. ಹಿಂದಿನಿಂದ ಇಬ್ಬರು ಹುಡುಗಿಯರು ಅಂಥದ್ದೇ ಗೇರಿಲ್ಲದ ಸೈಕಲ್ಲುಗಳಲ್ಲಿ ಬಂದರು. ಒಬ್ಬಳ ಕ್ಯಾರಿಯರಿನಲ್ಲಿ ಹುಲ್ಲಿನ ಹೊರೆ ಬೇರೆ. 'ಪಂಕ್ಚರಾ ಸಾರ್?' ಎಂದಳು ಒಬ್ಬಳು.

'ಹೂಂ ಕಣಮ್ಮ' ಎಂದುಬಿಟ್ಟೆ.

ಅವಳು ಚಕ್ರದ ಕಡೆ ನೋಡಿದಳು. ಗಾಳಿ ತುಂಬಿದ ಚಕ್ರ! ಏನೂ ಹೇಳದೆ ಹೊರಟುಹೋದಳು. ಸುಳ್ಳು ಹೇಳಿದವನು ವಿಜ್ಞಾನದ ಮೇಷ್ಟ್ರು.

ಮನೆಗೆ ಬಂದು ಲೆಕ್ಕ ಹಾಕಿದೆ. ಮೈಸೂರು ಶ್ರೀರಂಗಪಟ್ಟಣಕ್ಕಿಂತ ಸುಮಾರು 80 ಮೀಟರ್ ಎತ್ತರದಲ್ಲಿದೆ. ನಾನು ಮತ್ತು ಸೈಕಲ್ ಸೇರಿ 98 ಕಿಲೊ. ಅಷ್ಟು ಭಾರ ಅಷ್ಟು ಎತ್ತರಕ್ಕೇರಲು ಬೇಕಾದ್ದು 77 ಕಿಲೊಜೂಲ್, ಎಂದರೆ ಒಂದು ಚಮಚ ಸಕ್ಕರೆಯ ಶಕ್ತಿ. ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕಿಳಿಸುತ್ತವೆ. ನಾಲ್ಕು ಚಮಚ ಅನ್ನಿ. ಗಾಳಿಯ, ರಸ್ತೆಯ ತಡೆ ಬೇರೆ. ಇಷ್ಟಕ್ಕೇ ಇಷ್ಟು ದಮ್ಮೆ? ವಿದ್ಯಾರ್ಥಿಗಳೇ, ನಾನು ಸೋತದ್ದು ಕೆಲಸಕ್ಕಲ್ಲ, ಸಾಮರ್ಥ್ಯಕ್ಕೆ. ಹೋದಷ್ಟೇ ವೇಗದಲ್ಲಿ ಹಿಂದಿರುಗಲು ಹೊರಟಿದ್ದೆ.

ಹಲ್ಲು ಎಣಿಸಿದೆ (ಸೈಕಲ್ಲಿನದು). ಮುಂದೆ 44, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.4 ಮೀಟರ್ ಸಾಗಬೇಕು, ಇಳಿಜಾರಾದರೂ ಏರಾದರೂ. ನಮ್ಮ ಬೀದಿಯ ಸೈಕಲ್ ಅಂಗಡಿಯವರು ಕೇಳಿ ನಕ್ಕರು. 'ಹಿಂದಕ್ಕೆ 22ರ ಫ್ರೀವೀಲ್ ಹಾಕಿಸಿ ಮೇಷ್ಟ್ರೇ. ಸೀಟೂ ತಗ್ಗಾಯ್ತು' ಎಂದರು. ಈಗ ಒಂದು ಸುತ್ತಿಗೆ 4.4 ಮೀಟರ್, ಕಾಲು ಹಾಕಬೇಕಾದ ಬಲ ಹೆಚ್ಚುಕಡಿಮೆ ಐದನೇ ಒಂದು ಭಾಗ ಕಡಿಮೆ. ಸುತ್ತು ಹೆಚ್ಚು, ಅಷ್ಟೆ. ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಏರಿಸಿದರು. ಮಂಡಿನೋವು ನಿಂತದ್ದು ಅದರಿಂದಲೇ. ಇಪ್ಪತ್ತೆಂಟು ವರ್ಷ ಸರಳ ಯಂತ್ರಗಳ ಪಾಠ ಮಾಡಿದವನಿಗೆ ಇದು ಹೊಳೆಯಲಿಲ್ಲ ನೋಡಿ!

ಮೊದಲು ವೈದ್ಯರನ್ನು ಕೇಳಿ, ಆಮೇಲೆ ವಾರಕ್ಕೆ ಮೂರು ದಿನ ಸಿದ್ದಲಿಂಗಪುರದವರೆಗೆ ಮಾತ್ರ ಹೋಗಿಬಂದೆ. ಏರಿನಲ್ಲಿ ಮಾತಾಡಲು ಉಸಿರು ಸಾಲದಾದರೆ ಇಳಿಯುವುದು ಎಂದು ನಿಯಮ ಮಾಡಿಕೊಂಡೆ. ಮಾರ್ಚಿಯಲ್ಲಿ ಮತ್ತೆ ಶ್ರೀರಂಗಪಟ್ಟಣ. ಬರುವಾಗ ಕಳಸ್ತವಾಡಿಯ ಹತ್ತಿರ ಒಮ್ಮೆ ಇಳಿದೆ. ಎಳನೀರು ಮಾರುವವನು ಕೂಗಿ ಕೇಳಿದ: 'ಪಂಕ್ಚರಾ ಸ್ವಾಮಿ?'

'ಇಲ್ಲಪ್ಪಾ, ದಮ್ಮು' ಎಂದೆ. ಅವನು ಒಂದು ಸ್ಟೂಲು ಎಳೆದುಕೊಟ್ಟ.