ಉಪ್ಪು ಕೋಡು!

ಉದಗೀರಿನಿಂದ ಭಾಲ್ಕಿಗೆ ಸೊಸೆಯಾಗಿ ಬಂದ ಗೃಹಿಣಿಯೊಬ್ಬಳಿಗೆ ಏಳು ವರ್ಷಗಳು ಕನ್ನಡವಿಲ್ಲದೆಯೇ ಉರುಳಿದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರವರೆಗೆ ಉದಗೀರವೂ ಬೀದರ ಜಿಲ್ಲೆಯದೇ. ಗಂಡನ ಮನೆಯ ಮಾತೂ ಮರಾಠಿಯೇ. ಆದರೆ ಮಗನು ಶಾಲೆಗೆ ಸೇರಿ, ಮೊದಲ ಕನ್ನಡ ಪುಸ್ತಕವನ್ನು ಬಿಡಿಸಿ, ಅಕ್ಷರವೊಂದರ ಮೇಲೆ ಬೆರಳಿಟ್ಟು, "ಆಯಿ, ಇದೇನು?" ಎಂದು ಕೇಳಿದಾಗ ಆಕೆ ಸುಮ್ಮನಾದಳು. ಮರಾಠಿ ಕಾದಂಬರಿಗಳನ್ನು ರಾತ್ರಿಯೆಲ್ಲ ಓದಬಲ್ಲ ತಾಯಿ ಮಗನ ಕಣ್ಣಿಗೆ ನಿರಕ್ಷರಿಯಾದಳು!

ಸರಿ, ಮೊಬೈಲಿನಲ್ಲಿ ಹುಡುಕಾಟ ಮೊದಲಾಯಿತು. ಲೋಕಪ್ರಸಿದ್ಧವಾದ ಡ್ಯುವೊಲಿಂಗೋದಲ್ಲಿ ಚಲನಚಿತ್ರಕ್ಕಾಗಿ ಕಟ್ಟಿದ ಕ್ಲಿಂಗನ್ ಭಾಷೆಗೂ ಪಾಠವಿತ್ತು, ಕನ್ನಡಕ್ಕಿರಲಿಲ್ಲ. ಬೇರೊಂದು ಆ್ಯಪ್ ಏಳು ದಿನ ಆದರಿಸಿ ಎಂಟನೆಯ ದಿನ ಹಣ ಕೇಳಿತು.

ಕಾಸಿಲ್ಲದ ದಾರಿಗಳೂ ಇಲ್ಲದಿರಲಿಲ್ಲ. ಕೇಂದ್ರ ಸರಕಾರವು 2021ರಲ್ಲಿ ಹೊರತಂದ 'ಭಾಷಾ ಸಂಗಮ'ದಲ್ಲಿ 22 ಭಾಷೆಗಳ ನಿತ್ಯೋಪಯೋಗಿ ವಾಕ್ಯಗಳಿದ್ದವು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಎಲ್ಲರಿಗೂ ಮುಕ್ತವಾಗಿತ್ತು. ಆಕೆ ಹತ್ತು ವಾಕ್ಯ ಬಾಯಿಪಾಠ ಮಾಡಿ, ಎದುರುಮನೆಯ ಅಜ್ಜಿಯ ಮುಂದೆ ನಿಂತು, "ನೀವು ಏನು ಮಾಡುತ್ತಿದ್ದೀರಿ?" ಎಂದಳು. ಅಜ್ಜಿಗೆ ನಗು ತಡೆಯಲಿಲ್ಲ. "ಹಂಗಲ್ಲವ್ವಾ, 'ಏನ್ ಮಾಡ್ಲಕತ್ತೀರಿ' ಅನ್ನು!"

ಅಂದಿನಿಂದ ಪಾಠ ಅಜ್ಜಿಯ ಕಟ್ಟೆಯ ಮೇಲೆಯೇ. ಳಕಾರವು ತವರಿನಿಂದಲೇ ಬಂದಿತ್ತು. ಅಜ್ಜಿಯ ಅಡಕೊತ್ತೂ ತನ್ನ ಅತ್ತೆಯ 'ಅಡಕಿತ್ತಾ'ವೂ ಒಂದೇ ಎಂದು ತಿಳಿದಾಗ ಆಕೆಗೆ ತವರಿನ ನಂಟರನ್ನು ಕಂಡಷ್ಟು ಸಂತೋಷ. ತೊಡಕಾದದ್ದು ಎ, ಒ ಎಂಬ ಹ್ರಸ್ವಗಳಲ್ಲಿ. ಮರಾಠಿಯ ಬರವಣಿಗೆಯಲ್ಲಿ ಇವಕ್ಕೆ ಬೇರೆ ಅಕ್ಷರಗಳಿಲ್ಲ. "ಉಪ್ಪು ಕೋಡು" ಎಂದು ಆಕೆ ಕೇಳಿದರೆ ಅಜ್ಜಿ ತಲೆಯ ಮೇಲೆ ಎರಡು ಬೆರಳಿಟ್ಟು ಎಮ್ಮೆಯ ಕೊಂಬು ತೋರಿಸುವಳು!

ಆ ಅಜ್ಜಿ ಶಾಲೆಗೆ ಹೋದವಳಲ್ಲ. ಅಣ್ಣನ ಪಾಟಿ ನೋಡಿ ಅಕ್ಷರ ಕಲಿತವಳು. ಅಣ್ಣ ಕಲಿತದ್ದು ನಿಜಾಮರ ಕಾಲದಲ್ಲಿ, ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸುತ್ತಿದ್ದ ದಿನಗಳಲ್ಲಿ. ಅಜ್ಜಿಗೆ ಶುಲ್ಕವೆಂದರೆ ಸಂಜೆಯ ಒಂದು ಬಟ್ಟಲು ಚಹ. ಅದನ್ನೂ ಅರ್ಧ ಸೊಸೆಯ ಬಟ್ಟಲಿಗೇ ಬಗ್ಗಿಸುವಳು.

ನಾಲ್ಕು ತಿಂಗಳ ಮೇಲೆ ತಾಯಿಮಕ್ಕಳು ಭಾಲ್ಕಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಬಸ್ಸೊಂದು ತಿರುಗಿ ನಿಂತಿತು. ಮಗ ಬಾಯಿ ತೆರೆಯುವಷ್ಟರಲ್ಲಿ ಆಕೆ ಅವನ ಕೈಯನ್ನು ಮೆಲ್ಲನೆ ಅದುಮಿದಳು.

"ತಾಳು, ನಾನು ಓದುತ್ತೇನೆ. ಔ... ರಾ... ದ."