ಅತಿಥಿ ಯಂತ್ರವೂ ಪೆನ್‌ಡ್ರೈವೂ

ಒಂದು ಗಣಕಯಂತ್ರದೊಳಗೆ ಮತ್ತೊಂದನ್ನು ನಡೆಯಿಸಬಹುದೆಂದರೆ ವಾಚಕರಲ್ಲಿ ಕೆಲವರು ನಂಬಲಾರರು. ಆದರೆ ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಐಬಿಎಂ ಸಂಸ್ಥೆಯವರು 1972ರಲ್ಲಿಯೇ ತಮ್ಮ ದೊಡ್ಡ ಯಂತ್ರಗಳಿಗೆ ಇಂತಹ ಏರ್ಪಾಡನ್ನು ಒದಗಿಸಿದ್ದರು. 2007ರಲ್ಲಿ ಹೊರಬಂದ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಿಂದ ಗೃಹಸ್ಥರಿಗೂ ಇದು ಸುಲಭಸಾಧ್ಯವಾಗಿದೆ. ಹೊರಗಿನ ಯಂತ್ರಕ್ಕೆ ಆತಿಥೇಯವೆಂದೂ ಒಳಗಿನದಕ್ಕೆ ಅತಿಥಿಯೆಂದೂ ಹೆಸರು.

ನಮಗೆ ಇದರ ಅಗತ್ಯವು ಬಿದ್ದುದು ನಮ್ಮ ತೀರ್ಥರೂಪರವರ ಬರಹದ ದೆಸೆಯಿಂದ. ಅವರು ಮನೆತನದ ವೃತ್ತಾಂತವನ್ನು ವಿಂಡೋಸ್ ಎಕ್ಸ್‌ಪಿಯಲ್ಲಿ ಹಳೆಯ ‘ನುಡಿ’ ಅಕ್ಷರಗಳಿಂದ ಬರೆದು, ಒಂದು ಪೆನ್‌ಡ್ರೈವಿನಲ್ಲಿಟ್ಟು ಹೋದರು. ಬೇರೆ ಪ್ರತಿ ಇರಲಿಲ್ಲ. ಈಗ ನಮ್ಮ ಮನೆಯಲ್ಲಿರುವುದು ಲಿನಕ್ಸ್. ಅದರಲ್ಲಿ ಆ ಕಡತಗಳನ್ನು ತೆರೆದರೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದುವು; ಏಕೆಂದರೆ ಆ ಬರಹವು ಯೂನಿಕೋಡಿನದಲ್ಲ. ಆದುದರಿಂದ ಎಕ್ಸ್‌ಪಿಯನ್ನು ಅತಿಥಿಯಾಗಿ ಇರಿಸಿ, ಅದರೊಳಗೆ ನುಡಿಯನ್ನೂ ಸ್ಥಾಪಿಸಿದೆವು. ಆದರೂ ಯಂತ್ರಕ್ಕೆ ಚುಚ್ಚಿದ ಪೆನ್‌ಡ್ರೈವು ಅತಿಥಿಗೆ ಕಾಣಲೇ ಇಲ್ಲ.

ಇದಕ್ಕೆ ಕಾರಣವುಂಟು. ಅತಿಥಿಗೆ ಗೋಚರವಾಗುವುದು ಅದಕ್ಕಾಗಿ ಕಲ್ಪಿಸಿಕೊಟ್ಟ ಯಂತ್ರಭಾಗಗಳು ಮಾತ್ರ. ಹೊರಗೆ ಚುಚ್ಚಿದ ವಸ್ತುವು ಮೊದಲು ಆತಿಥೇಯದ ವಶಕ್ಕೆ ಹೋಗುತ್ತದೆ. ಎರಡು ಯಂತ್ರಗಳು ಏಕಕಾಲದಲ್ಲಿ ಒಂದೇ ಪೆನ್‌ಡ್ರೈವಿನಲ್ಲಿ ಬರೆಯತೊಡಗಿದರೆ, ಒಂದು ಬರೆದುದು ಮತ್ತೊಂದಕ್ಕೆ ತಿಳಿಯದೆ ಕಡತಗಳೆಲ್ಲ ಕೆಡುವುವು. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಕಾಣದಂತೆ ಬರೆದರೆ ಆಗುವ ಗತಿಯೇ ಅದು. ಆದುದರಿಂದ ಆತಿಥೇಯವು ಬಿಟ್ಟುಕೊಟ್ಟ ಹೊರತು ಅತಿಥಿಗೆ ಅದು ಸಿಕ್ಕದು.

ಬಿಟ್ಟುಕೊಡುವ ಕ್ರಮವು ಹೀಗಿದೆ. ಲಿನಕ್ಸಿನಲ್ಲಿ ನಮ್ಮ ಹೆಸರನ್ನು ‘ವಿಬಾಕ್ಸ್‌ಯೂಸರ್ಸ್’ ಎಂಬ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಪುನಃ ಒಳಗೆ ಬರತಕ್ಕದ್ದು. ಅತಿಥಿಯನ್ನು ಮುಚ್ಚಿರುವಾಗ ಅದರ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ 2.0 ಎಂಬುದನ್ನು ಆರಿಸತಕ್ಕದ್ದು, ಎಕ್ಸ್‌ಪಿಗೆ 3.0 ಒಗ್ಗದು. ವರ್ಚುವಲ್‌ಬಾಕ್ಸ್ 7.0ಕ್ಕಿಂತ ಹಿಂದಿನದಾದರೆ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬುದನ್ನೂ ಸೇರಿಸಬೇಕು. ಬಳಿಕ ಲಿನಕ್ಸಿನಲ್ಲಿ ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡಿ, ಅತಿಥಿಯ ಕಿಟಕಿಯ ಮೇಲಿರುವ ಡಿವೈಸಸ್ ಪಟ್ಟಿಯಲ್ಲಿ ಯುಎಸ್‌ಬಿಯನ್ನು ತೆರೆದು, ಅದರ ಹೆಸರನ್ನು ಒತ್ತಿದರೆ ಸಾಕು.

ಹಿಂದಕ್ಕೆ ಪಡೆಯುವಾಗಲೂ ಆತುರವು ಸಲ್ಲದು. ಬರೆದುದೆಲ್ಲವೂ ಆ ಕ್ಷಣದಲ್ಲಿಯೇ ಪೆನ್‌ಡ್ರೈವಿಗೆ ಇಳಿಯುವುದೆಂಬ ಭರವಸೆಯಿಲ್ಲ. ಮೊದಲು ಎಕ್ಸ್‌ಪಿಯೊಳಗೆ ಸುರಕ್ಷಿತವಾಗಿ ತೆಗೆಯುವ ಆಜ್ಞೆಯನ್ನಿತ್ತು, ಅನಂತರ ಬಿಡಿಸಿಕೊಳ್ಳಬೇಕು. ಎಕ್ಸ್‌ಪಿಗೆ ರಕ್ಷಣೆಯ ಪರಿಷ್ಕಾರಗಳು 2014ರ ಏಪ್ರಿಲಿನಲ್ಲಿಯೇ ನಿಂತುಹೋದುದರಿಂದ, ಆ ಅತಿಥಿಗೆ ಇಂಟರ್‌ನೆಟ್ಟಿನ ಸಂಪರ್ಕವನ್ನು ಕೊಡದಿರುವುದೇ ಕ್ಷೇಮ. ಎಲ್ಲಕ್ಕಿಂತಲೂ ಮೊದಲು ಲಿನಕ್ಸಿನಲ್ಲಿಯೇ ಕಡತಗಳ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಓದಲು ಬಾರದ ಕಡತವನ್ನೂ ನಕಲು ಮಾಡಲು ಅಡ್ಡಿಯಿಲ್ಲ.

ನಮ್ಮಲ್ಲಿ ಆ ಬರಹವು ಅಕ್ಷರಶಃ ಓದಲು ಬಂದಿತು. ಅದನ್ನು ಯೂನಿಕೋಡಿಗೆ ಮಾರ್ಪಡಿಸಿ, ಕಾಗದದ ಮೇಲೂ ಅಚ್ಚು ಮಾಡಿ ಮಕ್ಕಳ ಕೈಗೆ ಕೊಟ್ಟೆವು. ಅನೇಕರ ಮನೆಯ ಬೀರುವಿನಲ್ಲಿ ಇಂತಹ ಪೆನ್‌ಡ್ರೈವುಗಳು ಬಿದ್ದಿರಬಹುದು. ಅವು ಕಾಗದದಂತೆ ಬಹುಕಾಲ ಬಾಳುವ ವಸ್ತುಗಳಲ್ಲ. ಅವುಗಳನ್ನು ಓದಬಲ್ಲ ಹಳೆಯ ಯಂತ್ರವನ್ನು ಹೊಸದರೊಳಗೆ ನಡೆಯಿಸಲು ಸಾಧ್ಯವಿರುವಾಗಲೇ ಹಿರಿಯರ ಮಾತನ್ನು ಹೊರಕ್ಕೆ ತೆಗೆದಿಡುವುದು ಲೇಸು.