ಕೈಗೆ ಬಂದ ಮಾತು

ಕೈಯಿಂದ ಮಾತನಾಡುವುದು ಲೋಕಕ್ಕೆ ಹೊಸದೇನಲ್ಲ. ದನದ ಸಂತೆಯಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದೇ ಎತ್ತಿನ ಬೆಲೆ ಕಟ್ಟುತ್ತಾರೆ. ಜನ ಅದನ್ನು ಚಾತುರ್ಯವೆಂದು ಮೆಚ್ಚುವರು. ಕಿವಿ ಕೇಳದ ಹುಡುಗನೊಬ್ಬ ಕೈಯಾಡಿಸಿದರೆ ಮಾತ್ರ 'ಮೂಗ' ಎಂದು ಕರೆದು ಮುಂದೆ ಸಾಗುವರು.

ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಇಂಥ ಮಗುವುಳ್ಳ ಮನೆಯಲ್ಲಿ ತಾಯಿಯೇ ಒಂದು ಭಾಷೆ ಕಟ್ಟಿಕೊಳ್ಳುತ್ತಾಳೆ. ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಊಟ. ಅಂಗೈಯ ಮೇಲೆ ಕೆನ್ನೆಯಿಟ್ಟರೆ ನಿದ್ದೆ. ಹಸಿವಿಗೆ ಇಷ್ಟು ಸಾಕು. ಆದರೆ ಮಗ ಅಳುತ್ತ ಮನೆಗೆ ಬಂದ ದಿನ, 'ಯಾರು ಹೊಡೆದರು? ಏಕೆ?' ಎಂದು ಕೇಳಲು ಸಾಲದು. ಹೊಸ್ತಿಲು ದಾಟಿದರೆ ಆ ಭಾಷೆ ಬಲ್ಲವರೂ ಇಲ್ಲ.

ಭಾರತೀಯ ಸಂಜ್ಞಾ ಭಾಷೆ ಬೇಕಾಗುವುದು ಇಲ್ಲಿಯೇ. ಅದು ಕನ್ನಡವನ್ನೋ ಹಿಂದಿಯನ್ನೋ ಕೈಗಿಳಿಸಿದ ನಕಲಲ್ಲ. ಅದಕ್ಕೆ ತನ್ನದೇ ವ್ಯಾಕರಣವುಂಟು. ಪ್ರಶ್ನೆಯ ಸಂಜ್ಞೆ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು, ಕಣ್ಣುಗಳೂ ಅರ್ಥ ಹೇಳುತ್ತವೆ. 2015ರಲ್ಲಿ ದೆಹಲಿಯಲ್ಲಿ ಇದರ ಸಂಶೋಧನೆ ಹಾಗೂ ತರಬೇತಿಯ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳೊಡನೆ ಹೊರಬಂದ ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. ಅದರ ಸಂಜ್ಞೆಗಳನ್ನು ಫೋನಿನಲ್ಲಿಯೇ ನೋಡಿ ಕಲಿಯಬಹುದು.

ಕಲಿತ ಮೇಲೆ ಅದರ ಸೊಗಸು ತಿಳಿಯುತ್ತದೆ. ಬಸ್ಸು ಹೊರಟರೂ ಒಳಗಿದ್ದವನು ಕಿಟಕಿಯ ಗಾಜಿನಾಚೆಯ ಗೆಳೆಯನೊಡನೆ ಮಾತು ಮುಂದುವರಿಸಬಹುದು. ಹಾರನ್ನಿನ ಗದ್ದಲ ಅಡ್ಡಬಾರದು. ಗೆಳೆಯರು ಪರಸ್ಪರ ಸಂಜ್ಞೆಯ ಹೆಸರನ್ನೂ ಇಡುವರು: ಒಬ್ಬನಿಗೆ ಗಲ್ಲದ ಮಚ್ಚೆ, ಇನ್ನೊಬ್ಬಳಿಗೆ ಗುಂಗುರು ಕೂದಲು. ಅಲ್ಲಿಯವರೆಗೆ ಕಂಡಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದ್ದ ದೊರೆಗೆ 'ಅಶೋಕ' ಎಂಬ ಹೆಸರು ಸಿಕ್ಕಿದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ. ಅದೇ ಮಸ್ಕಿಯ ಓಣಿಯಲ್ಲಿ 'ಮೂಗ'ನಾಗಿ ಬೆಳೆಯುವ ಹುಡುಗನಿಗೂ ತನ್ನವರು ಇಟ್ಟ ಹೆಸರೊಂದು ಬೇಡವೇ?

ಮಗುವಿಗೆ ಭಾಷೆ ಎಳೆಯ ವಯಸ್ಸಿನಲ್ಲಿಯೇ ದೊರೆಯಬೇಕು. ವರುಷಗಳು ಕಳೆದಷ್ಟೂ ಕಲಿಕೆ ಕಷ್ಟ. ತಾಯಿಯೊಬ್ಬಳೇ ಕಲಿತರೂ ಸಾಲದು; ಅಪ್ಪ, ಅಜ್ಜಿ, ಅಕ್ಕ ಎಲ್ಲರೂ ಕಲಿಯಬೇಕು. ತುಸು ತೊಂದರೆಯೇನೋ ಇದೆ. ರೊಟ್ಟಿ ತಟ್ಟುತ್ತಲೇ ಮನೆಯವರಿಗೆಲ್ಲ ಉತ್ತರ ಕೊಡುವ ಅವ್ವ, ಈ ಮಗನಿಗಾಗಿ ಹಿಟ್ಟಿನ ಕೈ ಕೊಡವಿ ಅವನೆಡೆಗೆ ತಿರುಗಬೇಕು. ಹಂಚಿನ ಮೇಲಿನ ರೊಟ್ಟಿ ಕೊಂಚ ಸೀದರೂ, ಯಾರು ಹೊಡೆದರೆಂಬುದು ಅಂದೇ ತಿಳಿಯುತ್ತದೆ.